ಸಾಫ್ಟ್‌ವೇರ್ ಕಾಲಂನಲ್ಲಿ ಸೊನ್ನೆ

ಬೆಳಗಿನ ಆರು ಗಂಟೆ. ಕಮಲಾಪುರದ ಸಣ್ಣ ದಾಲ್‌ಮಿಲ್ಲಿನಲ್ಲಿ ತೊಗರಿಯ ದೂಳು ಇನ್ನೂ ಎದ್ದಿಲ್ಲ. ಯಂತ್ರ ನಡೆಸುವ ಚಾಂದಪಾಶಾ ಕೈಯಲ್ಲಿ ಹಾಳೆ ಹಿಡಿದು ಗಟ್ಟಿಯಾಗಿ ಓದುತ್ತಾರೆ, ಓದಿದಷ್ಟನ್ನೇ ಮಾಡುತ್ತಾರೆ. ಪಕ್ಕದಲ್ಲಿ ನಿಂತ ನಾಗರತ್ನಾ ಏನನ್ನೂ ಹೇಳಿಕೊಡುವುದಿಲ್ಲ. ಚಾಂದಪಾಶಾ ತಡವರಿಸಿದ ಕಡೆ ಪೆನ್ಸಿಲ್ಲಿನಿಂದ ಗೆರೆ ಹಾಕಿಕೊಳ್ಳುತ್ತಾರೆ.

ಯಂತ್ರದ ಜೊತೆ ಬರುವ ಬಳಕೆ ಪುಸ್ತಕವನ್ನೂ ಯಾರೋ ಬರೆದಿರುತ್ತಾರೆ ಎಂಬುದು ನಮಗೆ ಹೊಳೆಯುವುದೇ ಇಲ್ಲ. ನಾನಂತೂ ಮಿಕ್ಸರಿನ ಪುಸ್ತಕವನ್ನು ಡಬ್ಬಿಯ ಜೊತೆಗೇ ರದ್ದಿಗೆ ಹಾಕಿದವನು! ಕಲಬುರಗಿಯ ಕಪನೂರಿನ ದಾಲ್‌ಮಿಲ್ ಯಂತ್ರಗಳ ಕಾರ್ಖಾನೆಯೊಂದರಲ್ಲಿ ನಾಗರತ್ನಾ ಹತ್ತೊಂಬತ್ತು ವರ್ಷಗಳಿಂದ ಇಂಥ ಪುಸ್ತಕಗಳನ್ನೇ ಬರೆಯುತ್ತಿದ್ದಾರೆ. ನಲವತ್ತೊಂದು ಪುಸ್ತಕ, ಒಂದರ ಮೇಲೂ ಹೆಸರಿಲ್ಲ.

"ಹೆಸರು ಯಾಕ ಬೇಕ್ರಿ? ಮಂದಿ ಕೈ ನೆಟ್ಟಗಿದ್ರ ಸಾಕು," ಎಂದು ನಾಗರತ್ನಾ ಚಾಂದಪಾಶಾರ ಬಲಗೈ ನೋಡುತ್ತಾರೆ. ಅಲ್ಲಿ ಎರಡು ಬೆರಳಿಲ್ಲ.

ಮೂರು ವರ್ಷದ ಹಿಂದೆ ಕಾರ್ಖಾನೆಗೆ ಇನ್ನೊಬ್ಬ ಬರಹಗಾರರು ಬೇಕಾದರು. ಆರಿಸುವ ಹೊಣೆ ನಾಗರತ್ನಾ ಅವರದು. ಮೋಮಿನಪುರದ ತೂಬಾ ಸಂದರ್ಶನಕ್ಕೆ ಬಂದವಳೇ ಯಂತ್ರದ ಹತ್ತಿರ ಹೋಗಿ, "ಕಾಳು ಸಿಕ್ಕಿಬಿದ್ರ ಮೊದಲ ಯಾವ ಕೈ ಹಾಕ್ತೀರಿ?" ಎಂದು ಕೆಲಸಗಾರರನ್ನು ಕೇಳಿದಳು. ಪುಸ್ತಕ ಜೋಡಿಸುವ ಸಾಫ್ಟ್‌ವೇರ್ ಮಾತ್ರ ಒಂದೂ ಬರುತ್ತಿರಲಿಲ್ಲ. "ಹದಿನೈದು ದಿನ ಕೊಡ್ರಿ ಮೇಡಂ, ಕಲೀತೀನಿ," ಎಂದಿದ್ದಳು. ಅಂಕಪಟ್ಟಿಯ ಆ ಕಾಲಂನಲ್ಲಿ ನಾಗರತ್ನಾ ಸೊನ್ನೆ ಹಾಕಿದರು. ನಾಲ್ಕು ಸಾಫ್ಟ್‌ವೇರ್ ಬಲ್ಲ ಅಜಿತ ಆಯ್ಕೆಯಾದ.

ಅಜಿತ ಹಳೆಯ ಯಂತ್ರದ ಪುಟಗಳನ್ನೇ ಹೊಸದಕ್ಕೆ ತಂದು ಕೂರಿಸಿದ. ಹಳೆಯದರಲ್ಲಿ ಮುಚ್ಚಳ ತೆಗೆದರೆ ರೋಲರ್ ನಿಲ್ಲುತ್ತಿತ್ತು. ಹೊಸದರಲ್ಲಿ ಮೊದಲು ಸ್ವಿಚ್ ಆಫ್ ಮಾಡಬೇಕು. ಆ ಸಾಲು ಪುಸ್ತಕದಲ್ಲಿ ಇರಲಿಲ್ಲ. ಪುಸ್ತಕ ನಂಬಿ ಕೈ ಹಾಕಿದವರು ಚಾಂದಪಾಶಾ.

"ಆ ಹುಡುಗನ್ನ ಬೈಬ್ಯಾಡ್ರಿ," ಎನ್ನುತ್ತಾರೆ ನಾಗರತ್ನಾ. "ಹಾಳಿ ಅಷ್ಟು ಚಂದ ಇದ್ವು, ಯಂತ್ರದ ಮುಂದ ಓದಿಸದೇ ಸಹಿ ಹಾಕಿದಾಕಿ ನಾನು. ಸಾಫ್ಟ್‌ವೇರ್ ಕಲಿಸಬಹುದಿತ್ರಿ. ಮಂದೀನ ಕೇಳೋ ಬುದ್ಧಿ ಹ್ಯಾಂಗ ಕಲಿಸ್ಲಿ?"

"ಬಿಡ್ರಿ ಅಕ್ಕಾ, ಎಷ್ಟ ಸಲ ಅದೇ ಮಾತು," ಎಂದು ಚಾಂದಪಾಶಾ ಗದರುತ್ತಾರೆ. ನಾಗರತ್ನಾ ಬಿಡುವವರಲ್ಲ.

ಕಳೆದ ತಿಂಗಳು ಅಜಿತ ಕೆಲಸ ಬಿಟ್ಟ. ನಾಗರತ್ನಾ ಅಂದೇ ತೂಬಾಗೆ ಫೋನ್ ಮಾಡಿದರು. ಆಕೆ ಈಗ ಕಲಬುರಗಿಯ ರೋಜಾ ಬಡಾವಣೆಯ ಲಾಡ್ಜ್ ಒಂದರ ಕೌಂಟರಿನಲ್ಲಿದ್ದಾಳೆ. "ಬ್ಯಾಡ್ರಿ ಮೇಡಂ. ಅವತ್ತೇ ಬರಿಯೋದು ಬಿಟ್ಟೀನಿ," ಎಂದಳಂತೆ. ಹೇಳುತ್ತಾ ನಾಗರತ್ನಾ ಪೆನ್ಸಿಲ್ ಕೆಳಗಿಡುತ್ತಾರೆ. "ಬರೇ ಹದಿನೈದು ದಿನ ಕೇಳಿತ್ರಿ ಆ ಹುಡುಗಿ."

ಅಜಿತನ ಜಾಗಕ್ಕೆ ಈಗ ಎಂಟು ಅರ್ಜಿ ಬಂದಿವೆ. ಚಾಂದಪಾಶಾ ಮತ್ತೆ ಮೊದಲಿನಿಂದ ಓದುತ್ತಾರೆ: "ಮೊದಲು ಸ್ವಿಚ್ ಆಫ್ ಮಾಡಿ." ಮೂರು ಬೆರಳಿನ ಕೈ ಸ್ವಿಚ್ಚಿನ ಕಡೆ ಹೋಗುತ್ತದೆ.

"ಎಂಟೂ ಮಂದೀನ ಇಲ್ಲಿಗೇ ಕರ್ಕೊಂಡು ಬರ್ತೀನ್ರಿ," ಎನ್ನುತ್ತಾರೆ ನಾಗರತ್ನಾ. "ಈ ಸಲ ಅಂಕ ಚಾಂದಪಾಶಾ ಹಾಕ್ಲಿ. ನನ್ನ ಕೈ ಮ್ಯಾಲ ನನಗ ನಂಬಿಕಿ ಉಳಿದಿಲ್ಲ."