ಹನ್ನೊಂದನೆಯ ಅಂಕೆ

ನಮ್ಮ ಬೀದಿಯ ಭೀಮರಾಜರಷ್ಟು ಮೊಂಡು ಮನುಷ್ಯನನ್ನು ನಾನು ಅರಸೀಕೆರೆಯಲ್ಲೇ ನೋಡಿಲ್ಲ. ಮದುವೆಯಾಗಲಿಲ್ಲ, ನೆಂಟರಿಷ್ಟರನ್ನು ಹಚ್ಚಿಕೊಳ್ಳಲಿಲ್ಲ. ಮೂವತ್ತು ವರ್ಷ ಗೂಡ್ಸ್ ಗಾಡಿಗಳ ಪಕ್ಕ ನಡೆದು ವ್ಯಾಗನ್ ನಂಬರ್ ಬರೆದುಕೊಳ್ಳುವ ಕೆಲಸ ಮಾಡಿದರು. ಇದ್ದ ಗೆಳೆಯ ಒಬ್ಬರೇ, ಹೊನ್ನಯ್ಯ. ಗಾಡಿಯ ಆ ಬದಿಯಲ್ಲಿ ಹೊನ್ನಯ್ಯ, ಈ ಬದಿಯಲ್ಲಿ ಇವರು. ಕೊನೆಗೆ ಇಬ್ಬರೂ ಪಟ್ಟಿ ತಾಳೆ ನೋಡುತ್ತಿದ್ದರು.

ವ್ಯಾಗನ್ ನಂಬರಿಗೆ ಹನ್ನೊಂದು ಅಂಕೆ. ಮೊದಲ ಹತ್ತು ವ್ಯಾಗನ್ನಿನ ಗುರುತು, ಕೊನೆಯದು ಅವುಗಳ ಕಾವಲುಗಾರ. ಎರಡನೆಯದು, ನಾಲ್ಕನೆಯದು, ಆರನೆಯದು, ಹೀಗೆ ಹತ್ತನೆಯದರವರೆಗೆ ಕೂಡಿ ಮೂರರಿಂದ ಗುಣಿಸಬೇಕು. ಮಿಕ್ಕ ಐದನ್ನು ಹಾಗೆಯೇ ಸೇರಿಸಬೇಕು. ಆ ಮೊತ್ತ ಮುಂದಿನ ಹತ್ತು, ಇಪ್ಪತ್ತು, ಮೂವತ್ತನ್ನು ಮುಟ್ಟಲು ಎಷ್ಟು ಕಡಿಮೆಯೋ ಅದೇ ಹನ್ನೊಂದನೆಯ ಅಂಕೆ. ಒಂದಂಕೆ ತಪ್ಪು ಬರೆದರೂ ಸಿಕ್ಕಿಬೀಳುತ್ತೀರಿ. ನನಗೆ ಇದನ್ನು ಕೇಳಿದರೇ ತಲೆ ಸುತ್ತುತ್ತದೆ; ಭೀಮರಾಜರು ನಡೆಯುತ್ತಲೇ ಬಾಯಿಲೆಕ್ಕ ಹಾಕುತ್ತಿದ್ದರು.

ಹದಿನೈದು ವರ್ಷದ ಹಿಂದೆ ಒಂದು ದಿನ ಪಟ್ಟಿ ತಾಳೆಯಾಗಲಿಲ್ಲ. ಇವರದು 31080547239. ಹೊನ್ನಯ್ಯನವರದು 31080542739. ಇವರದರಲ್ಲಿ 72 ಇದ್ದ ಕಡೆ ಅವರದರಲ್ಲಿ 27. ಗಾಡಿ ಆಗಲೇ ಹೊರಟುಹೋಗಿತ್ತು. ಭೀಮರಾಜರು ತಮ್ಮದಕ್ಕೆ ಲೆಕ್ಕ ಹಾಕಿದರು. ಎಂಬತ್ತೊಂದು ಬಂತು, ತೊಂಬತ್ತಕ್ಕೆ ಒಂಬತ್ತು ಬೇಕು, ಕೊನೆಯ ಅಂಕೆಯೂ ಒಂಬತ್ತೇ.

"ನಂದು ಸರಿಯಾಗೈತೆ. ನಿಂಗೆ ಕಣ್ಣು ಕಾಣ್ಸಲ್ವೇನ್ಲಾ?" ಎಂದರು, ನಾಲ್ಕು ಜನರ ಎದುರು.

"ನೋಡೇ ಬರ್ದಿದೀನಿ ಕಣ್ಲಾ, ಭೀಮ."

"ಲೆಕ್ಕ ಸುಳ್ಳು ಹೇಳಕಿಲ್ಲ."

ಹೊನ್ನಯ್ಯನವರ ನಂಬರಿಗೆ ಲೆಕ್ಕ ಹಾಕುವ ಗೋಜಿಗೇ ಇವರು ಹೋಗಲಿಲ್ಲ. ಅಂದಿನಿಂದ ಹೊನ್ನಯ್ಯ ಮಾತು ಬಿಟ್ಟರು. ಆರು ತಿಂಗಳಲ್ಲಿ ವರ್ಗ ಮಾಡಿಸಿಕೊಂಡು ಹೋದವರು, ನಿವೃತ್ತಿಯಾದ ಮೇಲೆ ಹಳೇಬೀಡಿನ ಹತ್ತಿರದ ಹಗರೆಯಲ್ಲಿ ನೆಲೆಸಿದರು.

ಭೀಮರಾಜರೂ ನಿವೃತ್ತರಾದರು. ಒಂಟಿತನ ಅವರನ್ನು ಹಿಂಡಿಹಾಕಿತು. ಇಡೀ ದಿನ ಯಾರೊಂದಿಗೂ ಮಾತಿಲ್ಲ. ಸಂಜೆ ನನ್ನ ಅಂಗಡಿಗೆ ಬಂದು ಹಾಲು ಕೇಳುವುದೇ ಅವರ ದಿನದ ಮೊದಲ ಮಾತು. ಹೊತ್ತು ಹೋಗಲೆಂದು ಹಳೆಯ ಡೈರಿಗಳನ್ನು ತೆಗೆದು ಹಳೆಯ ನಂಬರುಗಳಿಗೆ ಮತ್ತೆ ಲೆಕ್ಕ ಹಾಕುತ್ತಿದ್ದರು. ಕಳೆದ ತಿಂಗಳು, ಎರಡೂ ನಂಬರು ಬರೆದಿಟ್ಟಿದ್ದ ಆ ದಿನದ ಪುಟ ಸಿಕ್ಕಿತು. ಹೊನ್ನಯ್ಯನವರ ನಂಬರಿಗೆ ಮೊದಲ ಸಲ ಲೆಕ್ಕ ಹಾಕಿದರು. ಎಪ್ಪತ್ತೊಂದು. ಎಂಬತ್ತಕ್ಕೆ ಬೇಕಾದ್ದು ಒಂಬತ್ತು.

ಏಳಕ್ಕೂ ಎರಡಕ್ಕೂ ಐದರ ಅಂತರ. ಅಂಥ ಎರಡು ಅಂಕೆ ಅಕ್ಕಪಕ್ಕ ಅದಲುಬದಲಾದರೆ ಮೊತ್ತ ಸರಿಯಾಗಿ ಹತ್ತು ಬದಲಾಗುತ್ತದೆ. ಕಾವಲುಗಾರನಿಗೆ ಗೊತ್ತೇ ಆಗುವುದಿಲ್ಲ. ವರ್ಷಗಟ್ಟಲೆ ಇದೇ ಲೆಕ್ಕ ಹಾಕಿದ ಮನುಷ್ಯನಿಗೆ ಇದು ಹೊಳೆದಿರಲಿಲ್ಲ!

ಮಾರನೆಯ ಬೆಳಿಗ್ಗೆಯೇ ಹೊರಟರು. ಹಳೇಬೀಡಿನಲ್ಲಿ ಬಸ್ ಬದಲಿಸಿ ಹಗರೆಯಲ್ಲಿ ಇಳಿದರು. ಹೊನ್ನಯ್ಯನವರ ಹೆಂಡತಿ ದೇವೀರಮ್ಮ ಕಾಫಿ ತಂದಿಟ್ಟರು. ಭೀಮರಾಜರು ಲೆಕ್ಕ ಬರೆದ ಚೀಟಿ ಚಾಚಿದರಂತೆ.

"ಹೊನ್ನ, ನಿನ್ ನಂಬರ್‌ಗೂ ಲೆಕ್ಕ ಸರಿಬತ್ತದೆ ಕಣ್ಲಾ."

ಹೊನ್ನಯ್ಯ ಚೀಟಿ ಮುಟ್ಟಲಿಲ್ಲ. "ಗೊತ್ತು. ಅವತ್ತೇ ಮನೆಗೆ ಬಂದು ಎರಡಕ್ಕೂ ಹಾಕಿ ನೋಡ್ದೆ. ಎರಡ್ರಲ್ಲೂ ಒಂಬತ್ತೇ."

"ಮತ್ತೆ ಹೇಳ್ಬಾರ್ದಿತ್ತೇನ್ಲಾ? ಹದಿನೈದು ವರ್ಷ!"

"ಹೇಳಿದ್ರೆ ನೀನು ಲೆಕ್ಕನ ನಂಬ್ತಿದ್ದೆ. ನೀನು ನನ್ನ ನಂಬಬೇಕಾಗಿತ್ತು."

"ಈಗ ನಂಬ್ತೀನಿ ಕಣೋ. ಅದಕ್ಕೇ ಬಂದಿದೀನಿ."

"ಈಗ ಲೆಕ್ಕ ಸರಿಬಂತಲ್ಲ," ಎಂದರು ಹೊನ್ನಯ್ಯ, "ಅದಕ್ಕೆ ಬಂದಿದೀಯ."