ಅತ್ತೆಯ ಕೈಗುಣ

ನಮ್ಮದು ಮೊಟ್ಟೆ ವ್ಯಾಪಾರ. ಕುಶಾಲನಗರದಿಂದ ದುಬಾರೆ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ಮಳಿಗೆ, ಅದರ ಹಿಂದೆಯೇ ಮನೆ. ವಾರಕ್ಕೆರಡು ಸಲ ತಮಿಳುನಾಡಿನ ಲಾರಿ ಬಂದು ಬಿಳಿ ಮೊಟ್ಟೆಯ ಟ್ರೇಗಳನ್ನು ಇಳಿಸಿ ಹೋಗುತ್ತದೆ. ಅಲ್ಲಿಂದ ಅವು ಪಾಲಿಬೆಟ್ಟದ ಎಸ್ಟೇಟ್ ಲೈನುಗಳ ಅಂಗಡಿಗೆ, ಶಾಲೆಯ ಬಿಸಿಯೂಟಕ್ಕೆ, ಬೇಕರಿಗಳಿಗೆ ಹೋಗುತ್ತವೆ. ದರ ಮಾತ್ರ ನಮ್ಮ ಕೈಯಲ್ಲಿಲ್ಲ. ಎಲ್ಲೋ ದೂರದ ಊರಿನಲ್ಲಿ ಯಾರೋ ನಿಶ್ಚಯಿಸಿದ್ದು ಬೆಳಿಗ್ಗೆ ಫೋನಿಗೆ ಬರುತ್ತದೆ. ಶ್ರಾವಣದಲ್ಲಿ ಇಳಿಯುತ್ತದೆ, ಕ್ರಿಸ್‌ಮಸ್ ಕೇಕಿನ ಹೊತ್ತಿಗೆ ಏರುತ್ತದೆ. ಏರಿದರೆ ಗಿರಾಕಿಗಳು ನನಗೆ ಬಯ್ಯುತ್ತಾರೆ, ಆ ಮೊಟ್ಟೆಗಳನ್ನೆಲ್ಲ ನಾನೇ ಇಟ್ಟೆನೇನೋ ಎಂಬಂತೆ.

ಅತ್ತೆಗೆ ಈ ಮೊಟ್ಟೆಗಳೆಂದರೆ ಅಷ್ಟಕ್ಕಷ್ಟೇ. ಪಂಜರದಲ್ಲಿ ಹುಟ್ಟಿ ಬೆಳೆದು, ಕಾವಿಗೆ ಕೂರುವುದನ್ನೇ ಮರೆತದ್ದು ಎಂಥ ಕೋಳಿ ಎಂಬುದು ಅವರ ವಾದ. ಅವರವು ಬೋಳುಕತ್ತಿನ ನಾಟಿ ಕೋಳಿಗಳು. ಹಾಸನದ ಕಡೆಯಿಂದ ಇಲ್ಲಿಗೆ ಬಂದು ನೆಲೆಸಿದಾಗ, ಬಸ್ಸಿನಲ್ಲಿ ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡು ತಂದ ಕೋಳಿಗಳ ಸಂತಾನ.

ಅತ್ತೆಯ ಕೈಗುಣಕ್ಕೆ ನಮ್ಮ ಬೀದಿಯಲ್ಲೆಲ್ಲ ಹೆಸರಿತ್ತು. ಯಾರ ಮನೆಯ ಕೋಳಿ ಕಾವಿಗೆ ಬಂದರೂ ಮೊಟ್ಟೆ ಇಟ್ಟು ಕೂರಿಸಲು ಅವರನ್ನೇ ಕರೆಯುತ್ತಿದ್ದರು. ಅವರು ಹೋಗಿ, ಒಂದೊಂದೇ ಮೊಟ್ಟೆಯನ್ನು ಅಂಗೈಯಲ್ಲಿ ಹಿಡಿದು ನೋಡಿ, ಬೆಸ ಸಂಖ್ಯೆಯಲ್ಲಿ ಇಟ್ಟು ಬರುತ್ತಿದ್ದರು. ಮಾವ ತೀರಿಕೊಂಡ ಮೇಲೆ ಮದುವೆಮನೆಗಳಲ್ಲಿ ಜನ ಅವರನ್ನು ಹಿಂದೆ ಕೂರಿಸಿದರು. ಕೋಳಿ ಕೂರಿಸಲು ಮಾತ್ರ ಮನೆತನಕ ಬಂದು ಕರೆದರು. ಅವರಿಗೆ ಉಳಿದಿದ್ದ ಹೆಮ್ಮೆ ಅದೊಂದೇ.

ಹೋದ ವರ್ಷ ಕೊಕ್ಕರೆ ರೋಗ ಬಂದು, ಕೋಳಿಗಳು ಕತ್ತು ತಿರುಚಿಕೊಂಡು ಒಂದರ ಹಿಂದೊಂದು ಸತ್ತವು. ಉಳಿದದ್ದು ಒಂದು ಹೇಟೆ, ಒಂದು ಹುಂಜ. ಕೆಲವು ತಿಂಗಳ ಮೇಲೆ ಹೇಟೆ ಮತ್ತೆ ಮೊಟ್ಟೆಗೆ ಬಂದಾಗ ಅತ್ತೆ ಒಂದನ್ನೂ ಬಿಡದೆ ತೌಡಿನ ಬುಟ್ಟಿಯಲ್ಲಿ ಹೂತಿಟ್ಟರು.

"ಇದ್ಕೆ ಯಾರೂ ಕೈ ಹಾಕ್ಬ್ಯಾಡಿ ಕಣವ್ವ. ತಳಿ ಉಳೀಬೇಕು" ಅಂದರು.

ಬುಟ್ಟಿಯಲ್ಲಿ ಹನ್ನೊಂದು ಆದದ್ದು ಒಂದು ಶನಿವಾರ. ಸಾಲು ರಜೆ, ದುಬಾರೆ ಕಡೆಯ ಹೋಂಸ್ಟೇಗಳೆಲ್ಲ ಭರ್ತಿ. ನಮ್ಮಲ್ಲಿ ಖಾಯಂ ಮೊಟ್ಟೆ ಒಯ್ಯುವ ಒಂದು ಹೋಂಸ್ಟೇಯ ಅಡುಗೆಯವನು ಬೈಕಿನಲ್ಲಿ ಬಂದ. ಕೇರಳದವನು.

"ಚೇಚಿ, ಗೆಸ್ಟಿಗೆ ನಾಟಿ ಮೊಟ್ಟೆಯೇ ವೇಣಂ. ಇಲ್ಲದಿದ್ರೆ ಓನರ್ ನನ್ನ ಬಿಡೋದಿಲ್ಲ."

ಕಂದು ಬಣ್ಣದ ಫಾರಂ ಮೊಟ್ಟೆ ತೋರಿಸಿದೆ. ಎಷ್ಟೋ ಪ್ರವಾಸಿಗಳು ಅದನ್ನೇ ನಾಟಿ ಎಂದು ನಂಬಿ ಒಯ್ಯುತ್ತಾರೆ. ಅವನು ನಕ್ಕ, ಬೈಕಿನ ಕಡೆ ತಿರುಗಿದ. ಇವತ್ತು ನಾಟಿಗೆಂದು ಬೇರೆ ಅಂಗಡಿಗೆ ಹೋದವನು ನಾಳೆ ಬಿಳಿ ಮೊಟ್ಟೆಗೂ ಅಲ್ಲಿಗೇ ಹೋಗುತ್ತಾನೆ ಎಂದು ನನಗೆ ದಿಗಿಲಾಯಿತು. ಅತ್ತೆ ರೇಷನ್ ತರಲು ಹೋಗಿದ್ದರು. ನಾನು ತೌಡಿನ ಬುಟ್ಟಿಗೆ ಕೈ ಹಾಕಿದೆ. ಹನ್ನೊಂದನ್ನೂ ಅವನಿಗೆ ಕೊಟ್ಟು, ಅವುಗಳ ಜಾಗದಲ್ಲಿ ಕಂದು ಫಾರಂ ಮೊಟ್ಟೆಗಳಲ್ಲಿ ಪುಟ್ಟವನ್ನು ಆರಿಸಿ ಇಟ್ಟೆ. ಅಡುಗೆಯವನಿಗೆ ಮೋಸ ಮಾಡಲಾಗಲಿಲ್ಲ, ಅತ್ತೆಯ ಕಣ್ಣಿಗಾದರೋ ಪೊರೆ ಬಂದಿತ್ತು. ಕೋಳಿ ಇನ್ನೂ ಮೊಟ್ಟೆ ಇಡುತ್ತಿದೆ, ಒಂದೊಂದಾಗಿ ಬದಲಾಯಿಸಿದರಾಯಿತು ಎಂದುಕೊಂಡೆ.

ಸೋಮವಾರ ಕೋಳಿ ಮೊಟ್ಟೆ ನಿಲ್ಲಿಸಿ ಕಾವಿಗೆ ಬಂತು.

ಅತ್ತೆ ಸ್ನಾನ ಮಾಡಿ ಬಂದು ಬುಟ್ಟಿಯ ಮುಂದೆ ಕುಳಿತರು. ಮೂರನೆಯದೋ ನಾಲ್ಕನೆಯದೋ ಮೊಟ್ಟೆಯನ್ನು ಅಂಗೈಯಲ್ಲಿ ಹಿಡಿದು ತಡೆದರು. "ಎಲ್ಲಾ ಒಂದೇ ತೂಕ ಅನ್ನಿಸ್ತವಲ್ಲವ್ವ" ಎಂದು ನನ್ನ ಕಡೆ ನೋಡಿದರು.

ಆಗಲೇ ಹೇಳಬಹುದಿತ್ತು. ಹುಂಜವಿತ್ತು, ಹೇಟೆ ಮತ್ತೊಮ್ಮೆ ಮೊಟ್ಟೆಗೆ ಬರುತ್ತಿತ್ತು, ನಾಲ್ಕು ಬೈಗುಳದಲ್ಲಿ ಮುಗಿಯುತ್ತಿತ್ತು. "ಹಂಗೇನಿಲ್ಲ ಅತ್ತೆ" ಅಂದೆ. ಅವರು ತಮ್ಮ ಕೈಯನ್ನೊಮ್ಮೆ ಸೆರಗಿಗೆ ಒರೆಸಿಕೊಂಡು, ಉಳಿದವನ್ನೂ ಇಟ್ಟರು.

ಆ ಮೂರು ವಾರ ಮಳಿಗೆಯಲ್ಲಿ ಟ್ರೇ ಎಣಿಸುವಾಗಲೂ ನನ್ನ ಕಿವಿ ಹಿತ್ತಿಲಿನಲ್ಲೇ ಇರುತ್ತಿತ್ತು. ಕೋಳಿ ದಿನಕ್ಕೊಮ್ಮೆ ಎದ್ದು ನಾಲ್ಕು ಕಾಳು ತಿಂದು, ನೀರು ಕುಡಿದು, ಓಡಿ ಬಂದು ಮತ್ತೆ ಕೂರುತ್ತಿತ್ತು. ಹುಂಜವನ್ನೇ ಕಾಣದ ಕೋಳಿಗಳ ಮೊಟ್ಟೆ, ಅದರಲ್ಲಿ ಜೀವ ಎಲ್ಲಿಂದ ಬರಬೇಕು. ಅದು ಗೊತ್ತಿದ್ದವಳು ನಾನೊಬ್ಬಳೇ. ಹದಿನೆಂಟನೆಯ ದಿನ ಅತ್ತೆ ಪಾತ್ರೆಯಲ್ಲಿ ಉಗುರುಬೆಚ್ಚಗಿನ ನೀರು ತಂದು ಮೊಟ್ಟೆಗಳನ್ನು ಅದರಲ್ಲಿ ಬಿಟ್ಟರು. ಒಳಗೆ ಮರಿಯಿದ್ದರೆ ಮೊಟ್ಟೆ ನೀರಿನಲ್ಲಿ ಅಲುಗಾಡುತ್ತದೆ. ಹನ್ನೊಂದರಲ್ಲಿ ಒಂದೂ ಅಲುಗಾಡಲಿಲ್ಲ.

"ಇನ್ನೊಸಿ ದಿನ ನೋಡಾನ" ಎಂದು ಮತ್ತೆ ಇಟ್ಟರು.

ಇಪ್ಪತ್ತೊಂದು ದಿನ ಕಳೆಯಿತು. ಇಪ್ಪತ್ತಾರನೆಯ ದಿನದವರೆಗೂ ಅವರು ಕೋಳಿಯನ್ನು ಎಬ್ಬಿಸಲಿಲ್ಲ. ಕೊನೆಗೆ ಒಂದೊಂದನ್ನೇ ಒಡೆದು ನೋಡಿದರು, ಒಳಗೆ ನೀರಾದ ಲೋಳೆ ಬಿಟ್ಟರೆ ಏನೂ ಇರಲಿಲ್ಲ. ಬರಿಗೂಡಿನಲ್ಲೂ ಎದ್ದೇಳದೆ ಕೂತಿದ್ದ ಕೋಳಿ ಎದೆಮೂಳೆ ಎದ್ದು ಸೊರಗಿತ್ತು. ನಾಲ್ಕನೇ ದಿನಕ್ಕೆ ಸತ್ತಿತು.

ಅತ್ತೆ ಯಾರನ್ನೂ ದೂರಲಿಲ್ಲ. ನಲ್ಲಿಯ ಕೆಳಗೆ ಬಹಳ ಹೊತ್ತು ಕೈ ತೊಳೆದುಕೊಂಡರು. "ಅವತ್ತೇ ಅನ್ನಿಸ್ತು, ಕೈ ಮರಗಟ್ಟೈತೆ ಅಂತ. ಮೊಟ್ಟೆ ಗುರ್ತು ಸಿಗ್ಲಿಲ್ಲ. ನನ್ ಕೈಗುಣ ಹೋಯ್ತು ಕಣವ್ವ" ಅಂದರು. ನಾನು ಆಗಲೂ ಹೇಳಲಿಲ್ಲ. ಅಷ್ಟರಲ್ಲಿ ಲಾರಿಯ ಹಾರ್ನ್ ಕೇಳಿಸಿತು, ಟ್ರೇ ಇಳಿಸಿಕೊಳ್ಳುವ ನೆಪದಲ್ಲಿ ಎದ್ದು ಹೋದೆ.

ಮಳೆಗಾಲ ಕಳೆದ ಮೇಲೆ ಎದುರುಮನೆಯ ಹೆಂಗಸು ಬಂದಳು. "ದೊಡ್ಡವ್ವ, ನಮ್ ಕೋಳಿ ಕಾವಿಗೆ ಬಂದೈತೆ. ಬಂದು ಒಸಿ ಕೂರ್ಸಿಕೊಡಿ."

ಅತ್ತೆ ಜಗಲಿಯಿಂದ ಏಳಲಿಲ್ಲ. "ನನ್ ಕೈಲಿ ಬ್ಯಾಡ. ನಮ್ ಸೊಸೆ ಕೈಲಿ ಮಡಗಿಸ್ಕೊ. ದಿನಾ ಮೊಟ್ಟೆ ಮುಟ್ಟೋ ಕೈ, ಒಳ್ಳೇ ಕೈ ಕಣವ್ವ ಅದು" ಅಂದರು.

ನಾನು ಹೋಗಿ ಇಟ್ಟೆ. ಹದಿಮೂರಕ್ಕೆ ಹನ್ನೆರಡು ಮರಿ ಎದ್ದವು. ಈಗ ಬೀದಿಯವರು ನನ್ನನ್ನೇ ಕರೆಯುತ್ತಾರೆ. ನಾನು ಹೊರಟಾಗಲೆಲ್ಲ ಅತ್ತೆ ಬಾಗಿಲವರೆಗೆ ಬಂದು, ಬೆಸ ಸಂಖ್ಯೆಯಲ್ಲೇ ಇಡಬೇಕೆಂದು ನೆನಪಿಸುತ್ತಾರೆ. ಆಯ್ತು ಅತ್ತೆ ಎಂದು ಹೋಗುತ್ತೇನೆ.