ಉಲ್ಟಾ ಹಿಡಿದ ಗೆಲಾಕ್ಸಿ

ಕಳೆದ ನವೆಂಬರಿನ ಒಂದು ಭಾನುವಾರ, ಊಟವಾದ ಮೇಲೆ, ನಾನು ಅಹಮದಾಬಾದಿನ ಮಣಿನಗರದ ನಮ್ಮ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ನಿಂತಿದ್ದೆ. ಹೆಗಲ ಮೇಲೆ ಒಣಗಿದ ಟವೆಲ್. ಅರ್ಧ ಸರಿಸಿದ ಗಾಜಿನ ಬಾಗಿಲಿನ ಒಳಗಡೆ ನನ್ನ ಹೆಂಡತಿ. ಅಲ್ಲಿ ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ.

ನಾನು ಬ್ಯಾಂಕಿನವನು, ವರ್ಗವಾಗಿ ಬಂದವನು. ಆಕಾಶದ ಕೆಲಸ ಅವಳದು. ದೂರದ ಗೆಲಾಕ್ಸಿಗಳಿಂದ ರೆಪ್ಪೆ ಬಡಿಯುವುದರೊಳಗೆ ಮುಗಿದುಹೋಗುವ ರೇಡಿಯೊ ಸ್ಫೋಟಗಳು ಬರುತ್ತವೆ. ಅವು ಹುಟ್ಟುವ ಕೆಲವು ಜಾಗಗಳಲ್ಲಿ ಒಂದು ರೇಡಿಯೊ ಚುಕ್ಕೆ ಆರದೆ ಉಳಿದಿರುತ್ತದೆ. ಅಂಥದ್ದು ಹತ್ತಿರದ ಪುಟ್ಟ ಗೆಲಾಕ್ಸಿಗಳಲ್ಲೂ ಇದೆಯೇ ಎಂದು ಅವಳು ಹುಡುಕುತ್ತಿದ್ದಳು. ಒಂದೂ ಸಿಕ್ಕಿರಲಿಲ್ಲ. ಅಂದು ಉಳಿದದ್ದು ಕೊನೆಯ ಗೆಲಾಕ್ಸಿ. ಇದೂ ಖಾಲಿಯಾದರೆ ಹುಡುಕಾಟ ಬಿಟ್ಟು ಸೂರತ್‌ನ ಕಾಲೇಜೊಂದರಲ್ಲಿ ಪಾಠ ಹೇಳಲು ಹೋಗುವುದೆಂದು ನಿರ್ಧರಿಸಿದ್ದಳು.

ಅವಳ ಸಂಶೋಧನೆಯ ಗೈಡ್ ಹಾಕಿಕೊಟ್ಟ ರೂಢಿಯೊಂದಿತ್ತು. ಕಂಪ್ಯೂಟರಿಗಿಂತ ಮೊದಲು ಕಣ್ಣು ನೋಡಬೇಕು. ಒಂದು ಪಾರದರ್ಶಕ ಹಾಳೆಯ ಮೇಲೆ ಗೆಲಾಕ್ಸಿಯ ಅಂಚನ್ನು, ಇನ್ನೊಂದರ ಮೇಲೆ ರೇಡಿಯೊ ಚುಕ್ಕೆಯನ್ನು ಕೈಯಿಂದಲೇ ಗುರುತಿಸಿ, ಎರಡನ್ನೂ ಜೋಡಿಸಿ ಬೆಳಕಿಗೆ ಹಿಡಿಯಬೇಕು. ಹಿಡಿದಳು. ಚುಕ್ಕೆ ಗೆಲಾಕ್ಸಿಯ ಹೊರಗೆ ಬಿತ್ತು.

"ಮುಗೀತ್ರೀ," ಎಂದಳು. ಆಮೇಲೆ, "ಕೊನೀಗೊಮ್ಮೆ ನೋಡೂಣು. ಚುಕ್ಕಿ ಹಾಳಿ ನಾ ಒಳಗಿಂದ ಹಚ್ಚತೀನಿ, ಗೆಲಾಕ್ಸೀದು ನೀವು ಹೊರಗಿಂದ ಒತ್ತಿ ಹಿಡೀರಿ."

ಹಾಳೆಯ ಮೇಲಿನ ಬರಹ ನನಗೆ ಓದಲು ಬರುವಂತೆ ಗಾಜಿಗೆ ಒತ್ತಿ ಹಿಡಿದೆ.

"ರೀ, ಅಲ್ಲಾಡಬ್ಯಾಡ್ರಿ!"

ಚುಕ್ಕೆ ಗೆಲಾಕ್ಸಿಯ ಒಳಗೆ, ಅಂಚಿಗೆ ಆತುಕೊಂಡು ಕೂತಿತ್ತು. ಮರುಕ್ಷಣ ಅವಳ ಮುಖ ಇಳಿಯಿತು. "ಅಯ್ಯ, ನೀವು ಉಲ್ಟಾ ಹಿಡದೀರಿ."

ಒಳಗೆ ಕುರ್ಚಿಯಲ್ಲಿದ್ದ ನನ್ನ ಅತ್ತೆ, ಅವಳ ತಾಯಿ, "ಬ್ಯಾಂಕಿನವರ ಕೈಯಾಗ ಆಕಾಶ ಕೊಟ್ರ ಇನ್ನೇನ ಆಗತದವಾ," ಎಂದರು.

ಅವಳು ನಗಲಿಲ್ಲ. ಗೆಲಾಕ್ಸಿಯ ಹಾಳೆಯ ಮೂಲೆಯಲ್ಲಿ ಪೂರ್ವ ಎಂದು ಗುರುತಿಸಿದ್ದನ್ನೇ ನೋಡುತ್ತಿದ್ದಳು. ನೆಲದ ನಕ್ಷೆಯಲ್ಲಿ ಪೂರ್ವ ಬಲಕ್ಕೆ. ಆಕಾಶದ ನಕ್ಷೆಯಲ್ಲಿ, ತಲೆಯೆತ್ತಿ ನೋಡುತ್ತೇವಲ್ಲ, ಪೂರ್ವ ಎಡಕ್ಕೆ. ಮದುವೆಗೆ ಮೊದಲು ವಡೋದರಾದ ಅಲ್ಕಾಪುರಿಯ ಕಚೇರಿಯೊಂದರಲ್ಲಿ ಅವಳು ಜಮೀನಿನ ನಕ್ಷೆ ಬರೆಯುತ್ತಿದ್ದಳು. ಆ ಕೈ ಗೆಲಾಕ್ಸಿಯನ್ನೂ ಹೊಲದಂತೆ, ಪೂರ್ವವನ್ನು ಬಲಕ್ಕಿಟ್ಟು ಬರೆದಿತ್ತು. ಚುಕ್ಕೆಯ ಹಾಳೆ ಮಾತ್ರ ಸರಿಯಾಗಿತ್ತು.

"ನಂದ ಉಲ್ಟಾ ಇತ್ರೀ! ಉಲ್ಟಾ ಇದ್ದದ್ದನ್ನ ನೀವು ಉಲ್ಟಾ ಹಿಡದೀರಿ!"

ಕಂಪ್ಯೂಟರಿನಲ್ಲಿ ಎರಡನ್ನೂ ಹೊಂದಿಸಿ ನೋಡಿದಳು. ಚುಕ್ಕೆ ಅದೇ ಜಾಗದಲ್ಲಿತ್ತು. ಮೂವರೂ ಕೂಗಿದೆವು. ಅತ್ತೆ ಮಂಡಿನೋವು ಮರೆತು ಎದ್ದು ನಿಂತಿದ್ದರು. ಎದುರಿನ ಬಾಲ್ಕನಿಯಿಂದ ನೆರೆಮನೆಯ ಕಾಕಾ ಇಣುಕಿದರು.

"ಕಾಕಾ, ಮಿಲ್ ಗಯಾ!" ಸಿಕ್ಕಿತೆಂದು ಅವಳು ಹಿಂದಿಯಲ್ಲಿ ಕೂಗಿದಳು.

"ಕ್ಯಾ, ಗ್ಯಾಸ್ ಸಿಲಿಂಡರ್?"

ಕರೆದು ಗಾಜಿನ ಮೇಲೆಯೇ ತೋರಿಸಿದೆವು. ಕನ್ನಡಕ ಒರೆಸಿಕೊಂಡು ನೋಡಿ, "ಇತ್ನಾ ಸಾ?" ಇಷ್ಟು ಪುಟ್ಟದೇ, ಎಂದರು.

ಅದು ಸ್ಫೋಟಗಳ ಮನೆಯೇ ಎಂದು ನಾನು ಹೇಳಲಾರೆ. ಗೆಲಾಕ್ಸಿಯ ಹಿಂದೆ, ಬಹು ದೂರದಲ್ಲಿರುವ ಇನ್ನೇನೋ ಆಗಿರಬಹುದು. ಅದನ್ನೇ ಅವಳು ಈಗ ಪರೀಕ್ಷಿಸುತ್ತಿದ್ದಾಳೆ. ಸೂರತ್‌ಗೆ ಬರುವುದಿಲ್ಲವೆಂದು ಅಂದು ಸಂಜೆಯೇ ತಿಳಿಸಿಬಿಟ್ಟಳು.

ಕಾಕಾ ಈ ಬೇಸಿಗೆಯಲ್ಲಿ ತೀರಿಕೊಂಡರು. ಗಾಜಿನ ಮೇಲೆ ಅದನ್ನು ಕಂಡವರಲ್ಲಿ ನನ್ನ ಹೊರತು ಈಗ ಇರುವವರು ಅತ್ತೆ ಮತ್ತು ಅವರ ಮಗಳು.